ಇಪ್ಪತ್ತೊಂದು ಮಾರು

ಕಾರು ಉಜ್ಜಿಕೊಂಡು ಹೋದ ಗುರುತನ್ನು ಮಳೆ ಬೀಳುವುದಕ್ಕೆ ಮುಂಚೆ ಅಳೆದವನು ಶಾಂತಿಗ್ರಾಮದ ತಳವಾರ ದ್ಯಾವಯ್ಯ. ಪೋಲೀಸಿನವರ ಹತ್ತಿರ ಟೇಪು ಇರಲಿಲ್ಲ. ಪಟೇಲರು, "ಲೇ ದ್ಯಾವ, ಮಾರು ಹಾಕ್ಲಾ" ಎಂದರು. ದ್ಯಾವಯ್ಯ ಒಂದು ಹಗ್ಗ ತಂದ. ಎದೆಯ ಮೇಲೆ ಹಾಯಿಸಿ ಎರಡು ಕೈ ಚಾಚಿದಷ್ಟನ್ನು ಒಂದು ಮಾರು ಎಂದು ಎಣಿಸುತ್ತಾ ಹೋದ. ಗರಸಿನ ರಸ್ತೆಯಲ್ಲಿ ಟೈರು ಕೊರೆದಿದ್ದ ಎರಡು ಗೆರೆ ಶುರುವಾದಲ್ಲಿಂದ ಕಾರು ನಿಂತ ಮೋರಿಯವರೆಗೆ ಇಪ್ಪತ್ತೊಂದು ಮಾರು ಬಂತು. ಮಹಜರಿನಲ್ಲಿ ಹಾಗೆಯೇ ಬರೆದುಕೊಂಡರು. ಮೋರಿಗೆ ಇಪ್ಪತ್ತು ಅಡಿ ಹಿಂದೆ ಬಸವಲಿಂಗಮ್ಮನ ಹೆಣ ಬಿದ್ದಿತ್ತು. ಮೊಸರು ಮಾರಿಕೊಂಡು ಬರುತ್ತಿದ್ದ ಮುದುಕಿ. ಕಿವಿ ಕೇಳುತ್ತಿರಲಿಲ್ಲ. ಕುಡಿಕೆ ಒಡೆದು ಚೆಲ್ಲಿದ್ದ ಮೊಸರನ್ನು ಒಂದು ನಾಯಿ ನೆಕ್ಕುತ್ತಿತ್ತು. ಮಹಜರು ಮುಗಿಯುವವರೆಗೆ ಅದನ್ನು ಯಾರೂ ಓಡಿಸಲಿಲ್ಲ.

ಅದು ಸಾವಿರದ ಒಂಬೈನೂರ ಮೂವತ್ತೆಂಟರ ಜೂನ್. ಕಾರು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ಪರಮಶಿವಯ್ಯನವರದು. ಅವರು ಹಿಂದಿನ ಸೀಟಿನಲ್ಲಿ ಕೂತು ಹಾಸನಕ್ಕೆ ಹೊರಟಿದ್ದರು. ಓಡಿಸುತ್ತಿದ್ದವನು ಅವರ ಡ್ರೈವರ್ ಪಾಲಾಕ್ಷ. ಒಂಬತ್ತು ವರ್ಷದಿಂದ ಸ್ಟಿಯರಿಂಗ್ ಹಿಡಿದವನು, ಅದಕ್ಕೆ ಮುಂಚೆ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದವನು. ಆ ರಸ್ತೆಗೆ ಮಿತಿ ಮೂವತ್ತೈದು ಮೈಲಿ. ಪೋಲೀಸಿನವರು ಎಷ್ಟು ಸಲ ಕೇಳಿದರೂ ಅವನದು ಒಂದೇ ಮಾತು.

"ಮೂವತ್ತೈದು ಮೈಲಿ ದಾಟಿಲ್ಲ ಸಾ. ಮುಳ್ಳು ನೋಡ್ಕಂಡೇ ಓಡ್ಸೋನು ನಾನು."

"ಮತ್ತೆ ಮುದುಕಿ ಎಂಗ್ಲಾ ಸತ್ಲು?"

"ಅಡ್ಡ ಬಂದ್ಬುಟ್ಲು ಸಾ. ಕಂಡ ತಕ್ಷಣ ಬ್ರೇಕ್ ಒದ್ದೆ."

ಪರಮಶಿವಯ್ಯನವರು ಹೇಳಿಕೆಯಲ್ಲಿ, "ನಾನು ಏನೂ ನೋಡಲಿಲ್ಲ, ಆಗ ಕಣ್ಣು ಮುಚ್ಚಿದ್ದೆ" ಎಂದು ಬರೆಸಿದರು. ನಿದ್ದೆ ಮಾಡುತ್ತಿದ್ದರು ಎಂದುಕೊಂಡು ಇನ್ಸ್‌ಪೆಕ್ಟರು ಮುಂದೆ ಕೇಳಲಿಲ್ಲ.

ಡ್ರೈವರು ಸುಳ್ಳು ಹೇಳುತ್ತಿದ್ದಾನೆ ಎಂದು ತೋರಿಸಬೇಕಾಗಿತ್ತು. ಅದಕ್ಕಾಗಿ ಹಾಸನದ ಒಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಸಂಪತ್ಕುಮಾರ ಅಯ್ಯಂಗಾರರನ್ನು ಕರೆಸಿದರು. ಮೂವತ್ತು ದಾಟದ ವಯಸ್ಸು. ಮುಚ್ಚುಕೋಟು, ಜರಿಪೇಟ. ಬೆರಳಿನಲ್ಲಿ ಸದಾ ಸೀಮೆಸುಣ್ಣ. ಕೋರ್ಟು ತಮ್ಮನ್ನು ಕರೆಯಿತು ಎಂದು ಅವರು ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಲಿಲ್ಲ. ಸಮನ್ಸನ್ನು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಬಿಟ್ಟಿದ್ದರು.

ಕೆಲಸವನ್ನು ಅವರು ಸರಿಯಾಗಿಯೇ ಮಾಡಿದರು. ಅದೇ ಕಾರನ್ನು ಅದೇ ರಸ್ತೆಗೆ ತರಿಸಿದರು. ಪೋಲೀಸ್ ಡ್ರೈವರನಿಂದ ಇಪ್ಪತ್ತು ಮೈಲಿ ವೇಗದಲ್ಲಿ ಓಡಿಸಿ ಬ್ರೇಕ್ ಹಾಕಿಸಿದರು. ತಮ್ಮ ಸ್ಕೂಲಿನ ಟೇಪಿನಲ್ಲಿ ಅಳೆದರು. ಇಪ್ಪತ್ತೇಳು ಅಡಿಗೆ ಕಾರು ನಿಂತಿತು. ಮೂರು ಸಲ ಮಾಡಿದರೂ ಅಷ್ಟೇ. ಹಾಗಾದರೆ ಬ್ರೇಕ್ ಬಿದ್ದ ಮೇಲೆ ಪ್ರತಿ ಸೆಕೆಂಡಿಗೂ ಈ ಕಾರಿನ ವೇಗ ಸೆಕೆಂಡಿಗೆ ಹದಿನಾರು ಅಡಿಯಷ್ಟು ಇಳಿಯುತ್ತದೆ. ಇಷ್ಟು ಸಿಕ್ಕಿದರೆ ಉಳಿದದ್ದು ಫೋರ್ತ್ ಫಾರಂ ಲೆಕ್ಕ. ಅದೇ ಟೇಪಿನಲ್ಲಿ ಇನ್ನೊಂದು ದೂರವನ್ನೂ ಅಳೆದುಕೊಂಡರು. ರಸ್ತೆ ತಿರುಗಿ ನೇರವಾಗುವಲ್ಲಿ ಒಂದು ಫರ್ಲಾಂಗು ಕಲ್ಲು ಇದೆ. ಅಲ್ಲಿಂದ ಮುಂದೆ ಎಲ್ಲವೂ ಕಾಣುತ್ತದೆ. ಕಲ್ಲಿನಿಂದ ಮೋರಿಗೆ ಇನ್ನೂರ ಹದಿನಾರು ಅಡಿ. ಉಜ್ಜಿದ ಗುರುತು ಮಾತ್ರ ಮಳೆಗೆ ಅಳಿಸಿಹೋಗಿತ್ತು. ಅದಕ್ಕೆ ಮಹಜರೇ ಗತಿ. ಪುಸ್ತಕದ ಹಿಂದಿನ ಪಟ್ಟಿಯಲ್ಲಿ ಒಂದು ಮಾರಿಗೆ ಆರು ಅಡಿ ಎಂದಿತ್ತು. ಇಪ್ಪತ್ತೊಂದು ಮಾರಿಗೆ ನೂರ ಇಪ್ಪತ್ತಾರು ಅಡಿ.

ಹಾಸನದ ಮ್ಯಾಜಿಸ್ಟ್ರೇಟರ ಮುಂದೆ ಮೇಷ್ಟ್ರು ಸ್ಲೇಟು ಹಿಡಿದು ನಿಂತರು.

"ವೇಗದ ವರ್ಗ ಎಷ್ಟೆಂದರೆ, ವೇಗ ಇಳಿಯುವ ಪ್ರಮಾಣವನ್ನೂ ನಿಲ್ಲುವ ದೂರವನ್ನೂ ಗುಣಿಸಿ, ಅದರ ಎರಡರಷ್ಟು. ಹದಿನಾರರ ಎರಡರಷ್ಟು ಮೂವತ್ತೆರಡು. ಅದನ್ನು ನೂರ ಇಪ್ಪತ್ತಾರರಿಂದ ಗುಣಿಸಿದರೆ ನಾಲ್ಕು ಸಾವಿರದ ಮೂವತ್ತೆರಡು. ವರ್ಗಮೂಲ ಅರವತ್ತಮೂರೂವರೆ. ಅಂದರೆ ಸೆಕೆಂಡಿಗೆ ಅರವತ್ತಮೂರೂವರೆ ಅಡಿ. ಗಂಟೆಗೆ ನಲವತ್ತಮೂರು ಮೈಲಿ."

"ಮೂವತ್ತೈದು ಅಲ್ಲ?" ಎಂದರು ಸರ್ಕಾರಿ ವಕೀಲರು.

"ಸಾಧ್ಯವೇ ಇಲ್ಲ."

ಪಾಲಾಕ್ಷನ ವಕೀಲ ಗೌರೀಶಂಕರ ಎದ್ದ. ಅವನಿಗೆ ಲೆಕ್ಕ ಬರುತ್ತಿರಲಿಲ್ಲ, ಆದರೆ ಪ್ರಶ್ನೆ ಕೇಳಲು ಬರುತ್ತಿತ್ತು.

"ಮೇಷ್ಟ್ರೇ, ಕಲ್ಲಿನ ಹತ್ತಿರ ಬಂದಾಗ ಮುದುಕಿ ಕಂಡಳು ಅಂತ ಇಟ್ಟುಕೊಳ್ಳಿ. ನನ್ನ ಕಕ್ಷಿಗಾರ ಬ್ರೇಕ್ ಹಾಕುವುದಕ್ಕೆ ಎಷ್ಟು ಹೊತ್ತು ಮಾಡಿದ?"

ಮೇಷ್ಟ್ರು ಸ್ಲೇಟಿನ ಮೇಲೆ ಗೀಚಿದರು. "ಇನ್ನೂರ ಹದಿನಾರರಲ್ಲಿ ನೂರ ಇಪ್ಪತ್ತಾರು ಕಳೆದರೆ ತೊಂಬತ್ತು ಅಡಿ. ಆ ವೇಗದಲ್ಲಿ ಒಂದು ಸೆಕೆಂಡು, ಚಿಲ್ಲರೆ. ಒಂದೂವರೆಗಿಂತ ಕಮ್ಮಿ."

"ಅದು ತಡವೋ?"

"ಅಲ್ಲ. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಪೆಡಲಿಗೆ ಹೋಗಬೇಕಲ್ಲ. ಯಾರಿಗಾದರೂ ಅಷ್ಟು ಬೇಕು."

ಗೌರೀಶಂಕರ ಕೂತುಕೊಂಡ. ಹೊರಗೆ ಹುಣಸೆಮರದ ಕೆಳಗೆ ಪಾಲಾಕ್ಷನಿಗೂ ಅವನ ಹೆಂಡತಿ ನೀಲಗಂಗಮ್ಮನಿಗೂ ಬಿಡಿಸಿ ಹೇಳಿದ.

"ಜೈಲು ತಪ್ತು ಅಂತ ಇಟ್ಕೋ. ವೇಗ ಜಾಸ್ತಿ ಹೌದು, ಎಚ್ಚರ ತಪ್ಪಿಲ್ಲ. ದಂಡ ಹಾಕಿ ಬಿಡ್ತಾರೆ, ಸಾಹುಕಾರ್ರು ಕಟ್ತಾರೆ. ಲೈಸೆನ್ಸ್ ಮಾತ್ರ ಉಳಿಯಲ್ಲ."

"ಲೈಸನ್ಸು ಓದ್ರೆ ನಾನೇನ್ ಮಾಡ್ಲಿ ಸಾ?" ಎಂದ ಪಾಲಾಕ್ಷ.

"ಕಾಯಿ ಸುಲಿ. ಮುಂಚೆ ಸುಲೀತಿರಲಿಲ್ವೇ?"

"ಮೂವತ್ತೈದೇ ಸಾ. ನನ್ನೆಡ್ತಿ ಮೇಲಾಣೆ."

"ಆಣೆ ಮೈಲಿ ಲೆಕ್ಕಕ್ಕೆ ಬರಲ್ಲ ಕಣಯ್ಯ."

ನೀಲಗಂಗಮ್ಮ ಈ ಮಾತು ಕೇಳುತ್ತಿರಲಿಲ್ಲ. ಅವಳು ನೋಡುತ್ತಿದ್ದುದು ದ್ಯಾವಯ್ಯನನ್ನು. ಸಾಕ್ಷಿ ಹೇಳಿ ಬಂದು ಅವನು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕುಳ್ಳ. ಎಡಗೈ ಮೊಣಕೈಯಲ್ಲಿ ಸೊಟ್ಟಗೆ ನಿಂತಿತ್ತು, ನೆಟ್ಟಗಾಗುತ್ತಿರಲಿಲ್ಲ.

ಚನ್ನರಾಯಪಟ್ಟಣದ ಸಂತೆಯಲ್ಲಿ ನಾರಿನ ಹಗ್ಗವನ್ನು ಮಾರಿನ ಲೆಕ್ಕದಲ್ಲೇ ಕೊಡುತ್ತಾರೆ. ಅಲ್ಲಿ ಹೆಂಗಸರು ಮೊದಲು ನೋಡುವುದು ಹಗ್ಗವನ್ನಲ್ಲ, ಅಂಗಡಿಯವನ ತೋಳನ್ನು. ಕುಳ್ಳನ ಅಂಗಡಿ ಬಿಟ್ಟು ಉದ್ದ ಕೈಯವನ ಅಂಗಡಿಗೆ ಹೋಗುತ್ತಾರೆ. ನೀಲಗಂಗಮ್ಮ ಚಿಕ್ಕಂದಿನಿಂದ ಹಾಗೆಯೇ ಕೊಂಡವಳು. ಮ್ಯಾಜಿಸ್ಟ್ರೇಟರು, ಮೇಷ್ಟ್ರು, ಇಬ್ಬರು ವಕೀಲರು ಬೆಳಗಿನಿಂದ ನೋಡಿಯೂ ಕಾಣದ ತೋಳು ಅವಳಿಗೆ ಮರದ ಕೆಳಗಿನಿಂದಲೇ ಕಂಡಿತು.

ಮರುದಿನ ಅವಳು ಬಾವಿ ಸೇದುವ ಹಗ್ಗ ಬಿಚ್ಚಿ ಸುರುಳಿ ಸುತ್ತಿ, ಬಸ್ಸು ಹತ್ತಿ ಶಾಂತಿಗ್ರಾಮದಲ್ಲಿ ಇಳಿದಳು. ಪಟ್ಟಣದ ಕಡೆ ನೀರು ಆಳ, ಹಗ್ಗವೂ ಉದ್ದ. ಪಟೇಲರ ಜಗಲಿಯ ಮುಂದೆ ದ್ಯಾವಯ್ಯನನ್ನು ನಿಲ್ಲಿಸಿದಳು.

"ಅವತ್ತು ಎಂಗಾಕ್ದೋ ಅಂಗೇ ಆಕಪ್ಪ. ಇಪ್ಪತ್ತೊಂದು."

"ಯಾಕವ್ವಾ, ಬಾವಿ ತೋಡುಸ್ತೀಯಾ?"

"ಗಂಡನ್ನ ಸೇದ್ಬೇಕು ಕಣಪ್ಪ."

ಪಟೇಲರು ನಕ್ಕರು. ದ್ಯಾವಯ್ಯ ಸೊಟ್ಟ ಕೈಯಲ್ಲೇ ಹಾಕಿದ. ಇಪ್ಪತ್ತೊಂದನೆಯ ಮಾರಿಗೆ ಅವಳು ಗಂಟು ಕಟ್ಟಿದಳು. ಅದೇ ಬಿಸಿಲಲ್ಲಿ ಹಾಸನಕ್ಕೆ ಹೋಗಿ, ಸ್ಕೂಲು ಬಿಡುವ ಹೊತ್ತಿಗೆ ಸಂಪತ್ಕುಮಾರರ ಎದುರು ಹಗ್ಗ ಇಳಿಸಿದಳು.

ಮೇಷ್ಟ್ರಿಗೆ ಮೊದಲು ರೇಗಿತು. ಆಮೇಲೆ ಟೇಪು ತಂದು ಆಟದ ಮೈದಾನದಲ್ಲಿ ಹಗ್ಗವನ್ನು ಎಳೆದು ಹಾಸಿದರು. ಎಂಬತ್ತನಾಲ್ಕು ಅಡಿ. ಎರಡನೆಯ ಸಲವೂ ಎಂಬತ್ತನಾಲ್ಕು. ಮಾರಿಗೆ ನಾಲ್ಕೇ ಅಡಿ. ಅವರ ಮುಖ ಕೆಂಪಗಾಯಿತು. ಕ್ಲಾಸಿನೊಳಗೆ ಹೋಗಿ ಬೋರ್ಡಿನ ಮೇಲೆ ಬರೆದರು. ಮೂವತ್ತೆರಡು, ಎಂಬತ್ತನಾಲ್ಕು. ಎರಡು ಸಾವಿರದ ಆರುನೂರ ಎಂಬತ್ತೆಂಟು. ವರ್ಗಮೂಲ ಐವತ್ತೆರಡಕ್ಕೆ ಒಂದು ಚೂರು ಕಮ್ಮಿ.

"ಗಂಟೆಗೆ ಮೂವತ್ತೈದು ಮೈಲಿ," ಎಂದರು.

"ಅವ್ರು ಯೋಳಿದ್ದೂ ಅದೇಯ ಸಾ!" ನೀಲಗಂಗಮ್ಮ ಬಾಗಿಲಲ್ಲಿ ನಿಂತು ಎರಡು ಕೈ ಮುಗಿದಳು. "ನೀವು ಕೋಲ್ಟಲ್ಲಿ ಬಂದು ಇದನ್ನೇ ಯೋಳ್ಬುಡಿ. ಲೈಸನ್ಸು ಉಳ್ಕತದೆ."

"ಹೇಳ್ತೀನಮ್ಮ. ತಪ್ಪಾಗಿದ್ರೆ ತಿದ್ದಬೇಕಾದ್ದು ನನ್ನ ಧರ್ಮ."

"ನಿಮ್ಮಟ್ಟೆ ತಣ್ಣಗಿರ್ಲಿ ಸಾ."

ಅವಳು ಹೋದ ಮೇಲೆ ಮೇಷ್ಟ್ರು ಬೋರ್ಡು ಒರೆಸಲು ಬಟ್ಟೆ ಎತ್ತಿಕೊಂಡವರು ಹಾಗೆಯೇ ನಿಂತರು. ಲೆಕ್ಕದ ಒಂದು ಅಂಕಿ ಬದಲಾದರೆ ಉಳಿದದ್ದೂ ಬದಲಾಗಬೇಕು. ಕಲ್ಲಿನಿಂದ ಮೋರಿಯ ದೂರ ಅವರದೇ ಟೇಪಿನದು, ಅದು ಕುಗ್ಗುವುದಿಲ್ಲ. ಇನ್ನೂರ ಹದಿನಾರರಲ್ಲಿ ಎಂಬತ್ತನಾಲ್ಕು ಕಳೆದರೆ ನೂರ ಮೂವತ್ತೆರಡು. ಅದನ್ನು ಐವತ್ತೆರಡರಿಂದ ಭಾಗಿಸಿದರೆ ಎರಡೂವರೆ ಸೆಕೆಂಡು. ಮುದುಕಿ ಕಣ್ಣೆದುರಿಗೆ ಇದ್ದರೂ ಎರಡೂವರೆ ಸೆಕೆಂಡು ಈ ಡ್ರೈವರು ಏನೂ ಮಾಡಿಲ್ಲ. ಹಿಂದೆ ತಾವೇ ಒಪ್ಪಿದ ಸಮಯದಲ್ಲಿ ಬ್ರೇಕ್ ಹಾಕಿದ್ದರೆ ಕಾರು ಎಲ್ಲಿ ನಿಲ್ಲುತ್ತಿತ್ತು ಎಂದೂ ಲೆಕ್ಕ ಹಾಕಿದರು. ಮುದುಕಿಗೆ ಮೂವತ್ತೆಂಟು ಅಡಿ ಈಚೆಗೆ.

ತಪ್ಪು ಅಳತೆ ಡ್ರೈವರನನ್ನು ಜೈಲಿನಿಂದ ಕಾಯುತ್ತಿತ್ತು. ಸರಿ ಅಳತೆ ಒಳಗೆ ಹಾಕುತ್ತದೆ. ಗೌರೀಶಂಕರನ ಮನೆ ಮೇಷ್ಟ್ರ ಮನೆಯ ದಾರಿಯಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ಅವನು ಹಗ್ಗವನ್ನು ವಾಪಸು ಬಾವಿಗೆ ಕಳಿಸುತ್ತಿದ್ದ. ಮೇಷ್ಟ್ರು ಆ ಬಾಗಿಲ ಮುಂದೆ ಹಾದು ಹೋದರು. ಕೋರ್ಟು ಕೇಳಿದ್ದಕ್ಕೆ ಉತ್ತರ ಹೇಳುವುದಷ್ಟೇ ತಮ್ಮ ಕೆಲಸ ಎಂದುಕೊಂಡರು. ನಿಜವಾಗಿ ಅವರಿಗೆ ಲೆಕ್ಕದ ಆ ಎರಡನೆಯ ಭಾಗ ಬಹಳ ಹಿಡಿಸಿತ್ತು. ಯಾರಾದರೂ ಅದನ್ನು ಕೇಳಲಿ ಎಂದು ಅವರಿಗೆ ಆಸೆ ಇತ್ತು.

ಗೌರೀಶಂಕರನಿಗಂತೂ ಹಗ್ಗ ಹಬ್ಬವಾಯಿತು. ಪೋಲೀಸಿನವರ ಮಹಜರನ್ನು ಒಬ್ಬ ಹೆಂಗಸಿನ ಬಾವಿಹಗ್ಗದಲ್ಲಿ ಕಟ್ಟಿ ಎಸೆಯುವ ಅವಕಾಶ ಯಾವ ವಕೀಲ ಬಿಡುತ್ತಾನೆ? ಅವನು ಅರ್ಜಿ ಹಾಕಿದ. ಮೇಷ್ಟ್ರನ್ನೂ ದ್ಯಾವಯ್ಯನನ್ನೂ ಮತ್ತೆ ಕರೆಸಿದರು.

ಆ ದಿನ ಕೋರ್ಟು ತುಂಬಿತ್ತು. ಮ್ಯಾಜಿಸ್ಟ್ರೇಟರು ದ್ಯಾವಯ್ಯನಿಗೆ ಕೈ ಚಾಚು ಎಂದರು. ಚಾಚಿದ.

"ಎಡಗೈ ಪೂರ್ತಿ ಚಾಚಪ್ಪ."

"ಇದೇ ಪೂರ್ತಿ ಸೋಮಿ. ಎತ್ತು ಒದ್ದು ಅನ್ನೆಲ್ಡ್ ವರ್ಸಾತು."

ಎಲ್ಲರೂ ನಕ್ಕರು. ಜವಾನ ಟೇಪು ಹಿಡಿದ. ನಾಲ್ಕು ಅಡಿ. ಮ್ಯಾಜಿಸ್ಟ್ರೇಟರು ಸರ್ಕಾರಿ ವಕೀಲರ ಕಡೆ ನೋಡಿ, "ಸರ್ಕಾರಕ್ಕೆ ಉದ್ದ ಕೈಯವನು ಸಿಗಲಿಲ್ಲವೇ?" ಎಂದರು. ಮತ್ತೆ ನಗು. ಕಟಕಟೆಯಲ್ಲಿ ಪಾಲಾಕ್ಷನೂ ನಕ್ಕ. ಹಗ್ಗ ತಂದವಳೆಂದು ನೀಲಗಂಗಮ್ಮನ ಸಾಕ್ಷಿ ತೆಗೆದುಕೊಂಡು, ಅವಳನ್ನು ಅಲ್ಲೇ ಒಂದು ಪಕ್ಕಕ್ಕೆ ನಿಲ್ಲಿಸಿದರು. ಮೇಷ್ಟ್ರು ಸ್ಲೇಟು ತೋರಿಸಿ ಮೂವತ್ತೈದು ಮೈಲಿ ಎಂದರು. ತಮ್ಮ ಹಿಂದಿನ ಸಾಕ್ಷಿಯಲ್ಲಿ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಗೌರೀಶಂಕರ, "ನನ್ನ ಕಕ್ಷಿಗಾರ ಮೊದಲ ದಿನದಿಂದ ಹೇಳಿದ್ದು ಅಕ್ಷರಶಃ ನಿಜ" ಎಂದು ಕೂತ.

ಸರ್ಕಾರಿ ವಕೀಲರು ಮುಖ ಗಂಟಿಕ್ಕಿಕೊಂಡು ಎದ್ದರು. ಅವರ ಹತ್ತಿರ ಪ್ರಶ್ನೆ ಇರಲಿಲ್ಲ. ಎದ್ದ ಮೇಲೆ ಏನಾದರೂ ಕೇಳಬೇಕೆಂದು ಕೇಳಿದರು.

"ವೇಗದ ಲೆಕ್ಕ ತಪ್ಪಿದ್ದರೆ, ಅವತ್ತು ಹೇಳಿದ ಇನ್ನೊಂದು ಲೆಕ್ಕ? ಬ್ರೇಕ್ ತಡವಾಗಲಿಲ್ಲ ಅಂದಿರಲ್ಲ, ಅದಾದರೂ ಸರಿಯೋ?"

"ಅದೂ ತಪ್ಪು," ಎಂದರು ಮೇಷ್ಟ್ರು. ಸ್ಲೇಟನ್ನು ತಿರುಗಿಸಿದರು. ಹಿಂದಿನ ಮಗ್ಗುಲಲ್ಲಿ ಎಲ್ಲವನ್ನೂ ಬರೆದು ತಂದಿದ್ದರು.

ಅವರು ಕ್ಲಾಸಿನಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ನೂರ ಮೂವತ್ತೆರಡು ಅಡಿ. ಎರಡೂವರೆ ಸೆಕೆಂಡು. ಸಕಾಲಕ್ಕೆ ಬ್ರೇಕ್ ಹಾಕಿದ್ದರೆ ಮುದುಕಿಗೆ ಮೂವತ್ತೆಂಟು ಅಡಿ ಮುಂಚೆ ಕಾರು ನಿಲ್ಲುತ್ತಿತ್ತು. ಗೌರೀಶಂಕರ ಎದ್ದು, "ಸ್ವಾಮಿ, ಇದು…" ಎಂದವನು ಸ್ಲೇಟಿನ ಹತ್ತಿರ ಹೋಗಿ ಅಂಕಿಗಳನ್ನು ನೋಡತೊಡಗಿದ. ನಗು ನಿಂತುಹೋಗಿತ್ತು.

ಮ್ಯಾಜಿಸ್ಟ್ರೇಟರು ಕಟಕಟೆಗೆ ತಿರುಗಿದರು. "ಎರಡೂವರೆ ಸೆಕೆಂಡು ಏನು ಮಾಡ್ತಿದ್ದೆಯಪ್ಪ? ನಿದ್ದೆಯೋ? ಕುಡಿದಿದ್ದೆಯೋ?"

"ಇಲ್ಲ ಸಾ. ಏನೂ ಮಾಡ್ತಿರ್ನಿಲ್ಲ ಸಾ."

ಅವನು ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾಡುತ್ತಿದ್ದುದು ಒಂದು ಕೆಲಸ ಎಂದೇ ಅವನಿಗೆ ತೋರಿರಲಿಲ್ಲ. ಅದು ಅವನಿಗೆ ಕಣ್ಣು ಮಿಟುಕಿಸಿದ ಹಾಗೆ. ಆದರೆ ಕುಡಿದಿದ್ದೆಯೋ ಎಂಬ ಮಾತು ನೀಲಗಂಗಮ್ಮನಿಗೆ ತಾಗಿತು. ಲಿಂಗ ಕಟ್ಟಿದ ಗಂಡನನ್ನು ತುಂಬಿದ ಸಭೆಯಲ್ಲಿ ಕುಡುಕ ಎಂದರೆ ಅವಳು ಬಾಯಿ ಮುಚ್ಚಿಕೊಂಡು ಇರುವವಳಲ್ಲ.

"ಕುಡ್ಯೋ ವಂಸ ಅಲ್ಲ ಸಾ ನಮ್ದು!" ಎಂದಳು. "ಆ ಕಲ್ಲು ದಾಟುದ್ ತಕ್ಸಣ ಬಲಕ್ಕೆ ವೀರಭದ್ರಸ್ವಾಮಿ ಗುಡಿ ಅದೆ. ಸ್ವಾಮಿಗೆ ಕೈ ಮುಗೀತಿದ್ರು."

"ಕಾರು ಓಡಿಸ್ತಾ?"

"ಊ ಸಾ. ಯಾವತ್ತೂ ತಪ್ಸಿಲ್ಲ. ಎಲ್ಲಾ ಡ್ರೈವರ್ರೂ ಮುಗೀತಾರೆ."

"ಒಂದು ಕೈಯಲ್ಲೋ, ಎರಡು ಕೈಯಲ್ಲೋ?" ಸರ್ಕಾರಿ ವಕೀಲರ ದನಿ ಈಗ ಮೆತ್ತಗಾಗಿತ್ತು.

"ಮುಂಚೆ ಒಂದು ಕೈಲೇ ಮುಗೀತಿದ್ರು ಸಾ. ನಾನೇ ಬೈದೆ. ಸ್ವಾಮಿ ಏನು ಅಮಲ್ದಾರ್ರಾ, ಒಂದು ಕೈಲಿ ಸಲಾಮ್ ಒಡಿಯಾಕೆ ಅಂತ. ಲಿಂಗ ಮುಟ್ಟಿಸಿ ಆಣೆ ಆಕುಸ್ಕಂಡೆ. ಆವತ್ನಿಂದ ಎಲ್ಡೂ ಕೈ ಎತ್ತಿ, ಕಣ್ ಮುಚ್ಚಿ ಮುಗೀತಾರೆ."

ಗುಮಾಸ್ತೆ ಬರೆದುಕೊಳ್ಳುತ್ತಿದ್ದ ಸದ್ದು ಕೇಳಿಸುತ್ತಿತ್ತು. ಗೌರೀಶಂಕರ ತಲೆ ತಗ್ಗಿಸಿದ. ಮ್ಯಾಜಿಸ್ಟ್ರೇಟರು ಪರಮಶಿವಯ್ಯನವರನ್ನು ಕರೆದು, ಕಣ್ಣು ಮುಚ್ಚಿದ್ದೆ ಎಂದಿರಲ್ಲ, ನಿದ್ದೆಯೇ ಎಂದು ಕೇಳಿದರು. "ಇಲ್ಲ ಸ್ವಾಮಿ, ನಾನೂ ಕೈ ಮುಗೀತಿದ್ದೆ" ಎಂದರು ಅವರು. ಯಾರೂ ಅವರನ್ನು ಏನೂ ಅನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಕೂತವರು ಕೈ ಮುಗಿಯಬಹುದು.

ಒಂದು ವರ್ಷ ಕಠಿಣ ಸಜೆ. ಲೈಸೆನ್ಸೂ ರದ್ದು. ಕೈ ಬಿಟ್ಟು, ಕಣ್ಣು ಮುಚ್ಚಿ ವಾಹನ ಓಡಿಸಿದ್ದಕ್ಕೆ ಆರೋಪಿಯ ಹೆಂಡತಿಯ ಮಾತಿಗಿಂತ ಬೇರೆ ಸಾಕ್ಷಿ ಬೇಡ ಎಂದು ಮ್ಯಾಜಿಸ್ಟ್ರೇಟರು ತೀರ್ಪಿನಲ್ಲಿ ಬರೆಸಿದರು. ಲೆಕ್ಕವನ್ನು ಶುದ್ಧ ಮಾಡಿ ಕೊಟ್ಟದ್ದಕ್ಕೆ ಮೇಷ್ಟ್ರನ್ನು ಎರಡು ಸಾಲು ಹೊಗಳಿದರು. ಮೇಷ್ಟ್ರು ಆ ಎರಡು ಸಾಲಿನ ನಕಲಿಗೆ ಅಲ್ಲೇ ಅರ್ಜಿ ಕೊಟ್ಟು ಸ್ಕೂಲಿಗೆ ಹೋದರು. ಮಧ್ಯಾಹ್ನದ ಮೊದಲ ಪೀರಿಯಡ್ಡಿಗೆ ಸರಿಯಾಗಿ ಸೇರಿಕೊಂಡರು.

ಪಾಲಾಕ್ಷನನ್ನು ಹೊರಗೆ ಕರೆದುಕೊಂಡು ಬಂದಾಗ ನೀಲಗಂಗಮ್ಮ ಹತ್ತಿರ ಓಡಿದಳು.

"ನೀವು ಸುಳ್ಳು ಯೋಳಿಲ್ಲ ಅಂತ ಆಯ್ತಲ್ಲಾ ಕಣಿ," ಎಂದಳು. ಅವಳಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. "ಮೂವತ್ತೈದೇ ಅಂತ ಅವ್ರೇ ಒಪ್ಕಂಡ್ರಲ್ಲಾ."

ಪಾಲಾಕ್ಷ ಅವಳ ಕಡೆ ತಿರುಗಿದ.

"ಅಗ್ಗ ತತ್ತಾ ಅಂದೋರ್ಯಾರೇ ನಿನ್ನ?" ಎಂದ. "ಕಾಯಿ ಸುಲ್ಕಂಡಾದ್ರೂ ಮನೇಲಿರ್ತಿದ್ನಲ್ಲೇ."

ಪೇದೆ ಅವನ ರಟ್ಟೆ ಹಿಡಿದು ನಡೆಸಿದ.

ಅವಳು ಒಳಗೆ ಹೋಗಿ ಗುಮಾಸ್ತೆಯ ಹತ್ತಿರ ಹಗ್ಗ ಕೇಳಿದಳು.

"ಅದು ಕೋರ್ಟಿನ ಸ್ವತ್ತಮ್ಮ ಈಗ. ಅಪೀಲಿನ ವಾಯಿದೆ ಮುಗಿಯೋವರೆಗೆ ಕೊಡೋ ಹಾಗಿಲ್ಲ."

"ಬಾವಿ ಸೇದೋ ಅಗ್ಗ ಸಾ. ಮನೇಲಿ ಇರಾದು ಅದೊಂದೇಯ."

"ಬೇರೆ ಕೊಂಡ್ಕೋ. ಉದ್ದ ಕೈಯವನ ಹತ್ರ ಕೊಂಡ್ಕೋ," ಎಂದ ಗುಮಾಸ್ತೆ. ಪಕ್ಕದ ಮೇಜಿನವನು ನಕ್ಕ.

ಸಾಯಂಕಾಲದ ಬಸ್ಸಿನಲ್ಲಿ ಅವಳಿಗೆ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಹಾಸನ ಬಿಟ್ಟು ಕೆಲವು ಮೈಲಿಗಳಾದ ಮೇಲೆ ಮೋರಿ ಬಂತು. ಈ ಕಡೆಯಿಂದ ಬಂದರೆ ಮೊದಲು ಮೋರಿ, ಆಮೇಲೆ ಗುಡಿ, ಕೊನೆಗೆ ಕಲ್ಲು. ಗುಡಿಯ ಬಾವುಟ ಕಂಡ ಕೂಡಲೆ ಡ್ರೈವರು ಸ್ಟಿಯರಿಂಗ್ ಬಿಟ್ಟು ಎರಡು ಕೈ ಎತ್ತಿದ. ಹಿಂದೆ ಇಡೀ ಬಸ್ಸಿನ ಕೈಗಳೂ ಎದ್ದವು. ಚಕ್ರ ತಾನಾಗಿಯೇ ಒಂದಿಷ್ಟು ಎಡಕ್ಕೆ ಹೊರಳಿತು.

"ಕೈ ಬಿಡಬ್ಯಾಡ್ವೋ ನನ್ನಪ್ಪಾ!" ಎಂದು ನೀಲಗಂಗಮ್ಮ ಕಿರುಚಿ ಅವನ ಭುಜ ಹಿಡಿದಳು.

ಡ್ರೈವರು ಬೆಚ್ಚಿ ಸ್ಟಿಯರಿಂಗ್ ಹಿಡಿದುಕೊಂಡ. ಬಸ್ಸು ಒಮ್ಮೆ ಜೋಲಿ ಹೊಡೆದು ನೇರವಾಯಿತು. ಮೇಲಿನ ಗಂಟುಗಳು ಉರುಳಿದವು.

"ಏನಮ್ಮಾ ನೀನು, ದೇವ್ರಿಗೆ ಕೈ ಮುಗ್ಯಾಕೂ ನಿನ್ನ ಕೇಳ್ಬೇಕಾ?" ಎಂದ ಕಂಡಕ್ಟರು. "ಯಾವ್ ಜಾತಿ ಎಂಗ್ಸಪ್ಪಾ ಇದು!"

"ಅಪಸಕುನ ಮಾಡ್ಬುಟ್ಲು," ಎಂದಳು ಹಿಂದೆ ಕೂತ ಹೆಂಗಸು.

ಡ್ರೈವರು ಬಸ್ಸು ನಿಲ್ಲಿಸಿದ. ಮುಗಿಯುವುದು ಅರ್ಧಕ್ಕೇ ನಿಂತಿತಲ್ಲ ಎಂದು ಇಳಿದು ಹಿಂದಕ್ಕೆ ನಡೆದು, ಗುಡಿಯ ಮುಂದೆ ನಿಂತು ಸರಿಯಾಗಿ ಕೈ ಮುಗಿದು ಬಂದ. ಕಂಡಕ್ಟರು ನೀಲಗಂಗಮ್ಮನನ್ನು ಎಬ್ಬಿಸಿ ಕೊನೆಯ ಸೀಟಿಗೆ ಕಳಿಸಿದ. ಅಲ್ಲಿಂದ ಮುಂದಿನ ರಸ್ತೆ ಕಾಣುತ್ತಿರಲಿಲ್ಲ.